ಲೆವೊಂಟಿನ್ ಅಳೆದದ್ದೇನು, ಅಳತೆಗೆ ಸಿಗದೆ ಉಳಿದದ್ದೇನು

ಪ್ರಶ್ನೆ: ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ರಿಚರ್ಡ್ ಲೆವೊಂಟಿನ್ ಮತ್ತು ಹಬ್ಬಿ 1966ರಲ್ಲಿ ಜೆಲ್ ಎಲೆಕ್ಟ್ರೊಫೊರೆಸಿಸ್ ಬಳಸಿ ಪಾಪ್ಯುಲೇಷನ್ ಜೆನೆಟಿಕ್ಸ್‌ನಲ್ಲಿ ಕ್ರಾಂತಿ ಮಾಡಿದರು ಎಂದು ನಮ್ಮ ಪಠ್ಯದಲ್ಲಿ ನಾಲ್ಕೇ ಸಾಲು ಇದೆ. ನಿಜಕ್ಕೂ ಅವರು ಮಾಡಿದ್ದೇನು? ಅದು ಯಾಕೆ ಅಷ್ಟು ದೊಡ್ಡದು? ಅಂಥ ಸಂಶೋಧನೆಗೆ ಇಳಿಯಬೇಕಾದರೆ ಮೊದಲು ಲ್ಯಾಬ್ ಕೆಲಸ ಕಲಿಯಬೇಕೋ, ಗಣಿತವೋ?

ಉತ್ತರ: ಕೊನೆಯ ಪ್ರಶ್ನೆಗೆ ಲೆವೊಂಟಿನ್ ಓದಿದ ಕ್ರಮದಲ್ಲೇ ಉತ್ತರ ಇದೆ. ಅವರು (1929–2021) ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಗಣಿತೀಯ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, 1954ರಲ್ಲಿ ಥಿಯೋಡೋಸಿಯಸ್ ಡೊಬ್‌ಝಾನ್‌ಸ್ಕಿ ಅವರ ಕೈಕೆಳಗೆ ಡ್ರೊಸಾಫಿಲ ಎಂಬ ಹಣ್ಣಿನ ನೊಣಗಳ ಮೇಲೆ ಪಿಎಚ್.ಡಿ. ಮುಗಿಸಿದರು. ಎರಡನ್ನೂ ಕಲಿತರು. ಆದರೆ ಅವರ ಹೆಸರು ಉಳಿದದ್ದು ಅದರಿಂದಲ್ಲ. ಒಂದೇ ಪ್ರಶ್ನೆಯನ್ನು ಹಿಡಿದು, ಅದಕ್ಕೆ ತಕ್ಕ ಉಪಕರಣ ಸಿಗುವವರೆಗೆ ಕಾದರು. ಆ ಉಪಕರಣ ಕೊಟ್ಟ ಉತ್ತರ ಸಾಲದು ಎಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿಯೂ ಅವರಿದ್ದರು.

ಪ್ರಶ್ನೆ ಸರಳ: ಕಾಡಿನಲ್ಲಿ ಹಾರಾಡುವ ಸಾಮಾನ್ಯ ನೊಣವೊಂದರಲ್ಲಿ, ತಂದೆಯಿಂದ ಬಂದ ಪ್ರತಿಗೂ ತಾಯಿಯಿಂದ ಬಂದ ಪ್ರತಿಗೂ ವ್ಯತ್ಯಾಸವಿರುವ ಜೀನ್ ನೆಲೆಗಳು (ವರ್ಣತಂತುವಿನಲ್ಲಿ ಜೀನ್ ಕೂರುವ ಜಾಗಗಳು) ನೂರಕ್ಕೆ ಎಷ್ಟು? ತಳಿವಿಜ್ಞಾನಿ ಹರ್ಮನ್ ಮುಲ್ಲರ್ ಪಾಳಯದ ಪ್ರಕಾರ ತೀರಾ ಕಡಿಮೆ. ಪ್ರತಿ ನೆಲೆಯಲ್ಲೂ ಒಂದು ಒಳ್ಳೆಯ ಆಲೀಲ್ (ಜೀನಿನ ಒಂದು ರೂಪ) ಇರುತ್ತದೆ, ಉಳಿದವು ನೈಸರ್ಗಿಕ ಆಯ್ಕೆ ಗುಡಿಸಿಹಾಕಬೇಕಾದ ಕಸ. ಡೊಬ್‌ಝಾನ್‌ಸ್ಕಿ ಪಾಳಯದ ಪ್ರಕಾರ ಬಹುಪಾಲು ನೆಲೆಗಳಲ್ಲಿ ವೈವಿಧ್ಯ ಇದ್ದೇ ಇರುತ್ತದೆ, ಆಯ್ಕೆಯೇ ಅದನ್ನು ಕಾಪಾಡುತ್ತದೆ. ವರ್ಷಗಟ್ಟಲೆ ವಾದ ನಡೆದರೂ ತೀರ್ಮಾನವಾಗಲಿಲ್ಲ. ಕಾರಣ ಎರಡೂ ಕಡೆಯವರ ಹಟವಷ್ಟೇ ಅಲ್ಲ. ಮೆಂಡಲ್ ವಿಧಾನದಲ್ಲಿ ಜೀನ್ ಒಂದು ಇದೆ ಎಂದು ಗೊತ್ತಾಗಬೇಕಾದರೆ ಅದರಲ್ಲಿ ವ್ಯತ್ಯಾಸ ಇರಲೇಬೇಕು. ಕೆಂಪು ಕಣ್ಣಿನ ಜೊತೆಗೆ ಬಿಳಿ ಕಣ್ಣೂ ಇದ್ದರೆ ಮಾತ್ರ ಕಣ್ಣಿನ ಬಣ್ಣದ ಜೀನ್ ಲೆಕ್ಕಕ್ಕೆ ಬರುತ್ತದೆ. ವ್ಯತ್ಯಾಸವಿಲ್ಲದ ಜೀನ್‌ಗಳು ಎಣಿಕೆಗೇ ಸಿಗುವುದಿಲ್ಲ. ಅಂದರೆ ಅಂಶ ಇದೆ, ಛೇದ ಇಲ್ಲ. ಶೇಕಡಾವಾರು ಹೇಳುವುದಾದರೂ ಹೇಗೆ? ಲೆವೊಂಟಿನ್ ಮತ್ತು ಅವರ ಸಹೋದ್ಯೋಗಿ ಹಬ್ಬಿ ಷಿಕಾಗೊದಲ್ಲಿ ಒದಗಿಸಿದ್ದು ಈ ಛೇದವನ್ನು. ಪ್ರೊಟೀನುಗಳನ್ನು (ಒಂದೊಂದರ ಹಿಂದೆಯೂ ಅದರ ಜೀನ್ ಇದೆ) ಮೊದಲೇ ಆರಿಸಿಕೊಳ್ಳುವುದು, ಅವುಗಳಲ್ಲಿ ವೈವಿಧ್ಯ ಇದೆಯೋ ಇಲ್ಲವೋ ಎಂದು ನೋಡುವುದು ಆಮೇಲೆ. ಪ್ರೊಟೀನುಗಳನ್ನು ವಿದ್ಯುತ್ತಿನಿಂದ ಓಡಿಸಿ ಬೇರ್ಪಡಿಸುವ ಜೆಲ್ ಅವರ ಶೋಧವಲ್ಲ, ಕಿಣ್ವಕ್ಕೆ ಬಣ್ಣ ಕೊಡುವ ವಿದ್ಯೆಯೂ ಆಗಲೇ ಬಳಕೆಯಲ್ಲಿತ್ತು. ಅವರದು ಈ ತಿರುವು.

ಕೆಲಸದ ವಿವರಕ್ಕೆ ಬರೋಣ. ಮುಂದೆ ಹೇಳುವುದು ಆ ಬಗೆಯ ಪ್ರಯೋಗ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ನಡೆಯುವ ರೀತಿ. ಒಂದೇ ಒಂದು ನೊಣವನ್ನು ಕೆಲವೇ ಹನಿ ತಣ್ಣನೆಯ ಬಫರ್‌ನಲ್ಲಿ ಅರೆದು, ಆ ರಸವನ್ನು ಪಿಷ್ಟದ ಅಥವಾ ಅಕ್ರಿಲಮೈಡ್‌ನ ಜೆಲ್‌ಗೆ ಹಾಕಿ ವಿದ್ಯುತ್ ಹರಿಸುತ್ತಾರೆ. ಪಿಷ್ಟದ ಜೆಲ್ ಆದರೆ ಸುಮಾರು 12% ಗಟ್ಟಿ. ಜೆಲ್ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು, ಬಿಸಿಯಾದರೆ ಕಿಣ್ವ ಸಾಯುತ್ತದೆ. ಪ್ರೊಟೀನ್ ಎಷ್ಟು ದೂರ ಓಡುತ್ತದೆ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ಅದರ ವಿದ್ಯುದಂಶ. ಲೈಸೀನ್ ಇದ್ದ ಜಾಗಕ್ಕೆ ಗ್ಲುಟಾಮಿಕ್ ಆಮ್ಲ ಬಂದರೆ ಓಟದ ವೇಗ ಬದಲಾಗುತ್ತದೆ. ಲ್ಯೂಸೀನ್ ಹೋಗಿ ಐಸೊಲ್ಯೂಸೀನ್ ಬಂದರೆ ಬಹುತೇಕ ಏನೂ ಕಾಣದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಆಮೇಲೆ ಇಡೀ ಜೆಲ್ಲನ್ನು ಆ ಕಿಣ್ವದ ಆಹಾರವೂ ಬಣ್ಣವೂ ಇರುವ ದ್ರಾವಣದಲ್ಲಿ ಮುಳುಗಿಸುತ್ತಾರೆ. ಆಲ್ಕೊಹಾಲ್ ಡಿಹೈಡ್ರೊಜಿನೇಸ್‌ಗೆ ಆಲ್ಕೊಹಾಲ್, ಎನ್‌ಎಡಿ, ಟೆಟ್ರಾಜೋಲಿಯಂ ಉಪ್ಪು, ಎಲೆಕ್ಟ್ರಾನ್ ಸಾಗಿಸಲು ಪಿಎಂಎಸ್. ಕಿಣ್ವ ಇರುವ ಕಡೆ ಮಾತ್ರ ನೇರಳೆ ಪಟ್ಟಿ ಮೂಡುತ್ತದೆ. ಪಿಎಂಎಸ್‌ಗೆ ಬೆಳಕು ಆಗದು, ಕತ್ತಲಲ್ಲೇ ಇಡಬೇಕು. ಇಲ್ಲದಿದ್ದರೆ ಇಡೀ ಜೆಲ್ ನೇರಳೆಯಾಗಿ ಒಂದು ದಿನದ ಕೆಲಸ ಹಾಳು.

ಪಟ್ಟಿ ಓದುವುದಕ್ಕೂ ವ್ಯಾಕರಣ ಇದೆ. ಕಿಣ್ವ ಒಂದೇ ಸರಪಳಿಯದಾದರೆ ವಿಷಮಯುಗ್ಮಜ (ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಬೇರೆಯಾದ) ನೊಣದಲ್ಲಿ 2 ಪಟ್ಟಿ. ಎರಡು ಸರಪಳಿ ಜೋಡಿಯಾಗುವ ಕಿಣ್ವವಾದರೆ 3 ಪಟ್ಟಿ, ನಡುವಿನದು ಎರಡರಷ್ಟು ಗಾಢ, 1:2:1. ನಾಲ್ಕು ಸರಪಳಿಯದಾದರೆ 5. ಡ್ರೊಸಾಫಿಲದ ಆಲ್ಕೊಹಾಲ್ ಡಿಹೈಡ್ರೊಜಿನೇಸ್ ಜೋಡಿ ಕಿಣ್ವ, ಹಾಗಾಗಿ ಅಲ್ಲಿ 2 ಪಟ್ಟಿ ಕಂಡು ನಡುವಿನದು ಇಲ್ಲದಿದ್ದರೆ ಅನುಮಾನಿಸಿ: ಎರಡು ನೊಣದ ರಸ ಬೆರೆತಿರಬಹುದು. ನೊಣದ ವಯಸ್ಸು, ತಿಂದ ಆಹಾರ, ಹಳಸಿದ ರಸ, ಇವೆಲ್ಲ ಸುಳ್ಳು ಪಟ್ಟಿಗಳನ್ನು ಹುಟ್ಟಿಸಬಲ್ಲವು. ಪರಿಹಾರ ಒಂದೇ, ಹಳೆಯದೇ: ತಳಿಸಂಕರ ಮಾಡಿ, ಮರಿಗಳಲ್ಲಿ ಪಟ್ಟಿಗಳು ಮೆಂಡಲ್ ಅನುಪಾತದಲ್ಲಿ ಹಂಚಿಹೋಗುತ್ತವೆಯೇ ಎಂದು ನೋಡುವುದು. ಪಟ್ಟಿಯ ಹಿಂದೆ ಜೀನ್ ಇದೆ ಎನ್ನಲು ಇದಕ್ಕಿಂತ ಬಲವಾದ ಪುರಾವೆ ಇರಲಿಲ್ಲ. ಅವಸರದಲ್ಲಿ ಈ ಹಂತವನ್ನು ಬಿಟ್ಟವರ ದತ್ತಾಂಶವನ್ನು ನಂಬುವುದು ಕಷ್ಟ.

ಫಲಿತಾಂಶ: ಡ್ರೊಸಾಫಿಲ ಸ್ಯೂಡೊಅಬ್ಸ್ಕ್ಯೂರದ 5 ಸಮೂಹ, 18 ನೆಲೆ. ಇಡೀ ಪ್ರಭೇದವನ್ನು ಒಟ್ಟಾಗಿ ನೋಡಿದರೆ 39% ನೆಲೆಗಳಲ್ಲಿ ವೈವಿಧ್ಯ. ಸರಾಸರಿ ಒಂದು ಸಮೂಹದಲ್ಲಿ 30%. ಒಂದು ನೊಣದಲ್ಲಿ ಸುಮಾರು 12% ನೆಲೆಗಳು ವಿಷಮಯುಗ್ಮಜ. ಅದೇ ವರ್ಷ ಲಂಡನ್ನಿನಲ್ಲಿ ಹ್ಯಾರಿ ಹ್ಯಾರಿಸ್ ಮನುಷ್ಯರ 10 ಕಿಣ್ವಗಳನ್ನು ಪರೀಕ್ಷಿಸಿದಾಗ 3ರಲ್ಲಿ ವೈವಿಧ್ಯ ಸಿಕ್ಕಿತು. ಮುಲ್ಲರ್ ಚಿತ್ರ ಹರಿದುಹೋಯಿತು. ಡೊಬ್‌ಝಾನ್‌ಸ್ಕಿ ಶಿಷ್ಯ ಇಲ್ಲಿಗೆ ಗೆದ್ದೆ ಎಂದು ನಿಲ್ಲಬಹುದಿತ್ತು.

ನಿಲ್ಲಲಿಲ್ಲ, ಏಕೆಂದರೆ ಗೆಲುವೇ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ನೀವೂ ಮಾಡಿ ನೋಡಿ. ಒಂದು ನೆಲೆಯಲ್ಲಿ ಎರಡು ಆಲೀಲ್ ಸಮಸಮ ಇವೆ, ವಿಷಮಯುಗ್ಮಜ ನೊಣಕ್ಕೆ ಹೋಲಿಸಿದರೆ ಎರಡೂ ಸಮಯುಗ್ಮಜಗಳಿಗೆ (ಎರಡೂ ಪ್ರತಿ ಒಂದೇ ಆದವಕ್ಕೆ) ಕ್ಷಮತೆಯಲ್ಲಿ, ಅಂದರೆ ಬದುಕಿ ಮರಿ ಬಿಡುವ ಶಕ್ತಿಯಲ್ಲಿ, 10% ನಷ್ಟ ಎಂದುಕೊಳ್ಳಿ. ಪ್ರತಿ ತಲೆಮಾರಿನಲ್ಲಿ ಅರ್ಧದಷ್ಟು ನೊಣಗಳು ಸಮಯುಗ್ಮಜ, ಆದ್ದರಿಂದ ಸರಾಸರಿ ಕ್ಷಮತೆ 0.95. ಇಂಥ 2,000 ನೆಲೆಗಳು ಇದ್ದು ಪ್ರತಿಯೊಂದೂ ಬೇರೆಬೇರೆಯಾಗಿ ಕೆಲಸ ಮಾಡಿದರೆ 0.95ನ್ನು 2,000 ಸಲ ಗುಣಿಸಬೇಕು. ಬರುವ ಸಂಖ್ಯೆಯಲ್ಲಿ ದಶಮಾಂಶ ಬಿಂದುವಿನ ನಂತರ 44 ಸೊನ್ನೆ. ಯಾವ ನೊಣವೂ ಇಷ್ಟು ಹೊರೆ ಹೊತ್ತು ಬದುಕಲಾರದು. 1967ರಲ್ಲಿ ಹಲವರು ಇದಕ್ಕೆ ದಾರಿ ತೋರಿಸಿದರು: ಆಯ್ಕೆ ಪ್ರತಿ ನೆಲೆಯ ಮೇಲೂ ಬೇರೆಬೇರೆಯಾಗಿ ನಡೆಯದೆ, ಒಟ್ಟು ವಿಷಮಯುಗ್ಮಜತೆ ಒಂದು ಮಟ್ಟಕ್ಕಿಂತ ಕೆಳಗಿರುವ ನೊಣಗಳನ್ನು ಮಾತ್ರ ತೆಗೆದುಹಾಕಿದರೆ ಹೊರೆ ತಗ್ಗುತ್ತದೆ. ಲೆಕ್ಕ ಸರಿ. ಕಾಡಿನಲ್ಲಿ ಹಾಗೆಯೇ ನಡೆಯುತ್ತದೆ ಎಂಬುದಕ್ಕೆ ಪುರಾವೆ ಬೇರೆ ಬೇಕು.

1968ರಲ್ಲಿ ಜಪಾನಿನ ತಳಿವಿಜ್ಞಾನಿ ಮೋಟೂ ಕಿಮುರ ಇನ್ನೊಂದು ದಾರಿ ಹಿಡಿದರು. ಪ್ರೊಟೀನುಗಳ ವ್ಯತ್ಯಾಸದಿಂದ ಅವರು ಅಂದಾಜಿಸಿದಂತೆ ಸಸ್ತನಿಗಳ ಜೀನೋಮ್‌ನಲ್ಲಿ ಸುಮಾರು 2 ವರ್ಷಕ್ಕೆ ಒಂದು ಬದಲಾವಣೆ ಇಡೀ ಪ್ರಭೇದಕ್ಕೆ ಹರಡಿ ನೆಲೆಗೊಳ್ಳುತ್ತಿತ್ತು. ಆಯ್ಕೆಗೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಿ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಕೊಟ್ಟಿದ್ದ ಅಂದಾಜು ಸುಮಾರು 300 ತಲೆಮಾರಿಗೆ ಒಂದು. ಹಾಲ್ಡೇನ್ ಭಾರತಕ್ಕೆ ಬಂದು ನೆಲೆಸಿದ್ದೂ ಅದೇ ವರ್ಷ. ಆ ಪ್ರಬಂಧ ಬಂದ ಜರ್ನಲ್ ಆಫ್ ಜೆನೆಟಿಕ್ಸ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಿಂದ ಪ್ರಕಟವಾಗುತ್ತದೆ. ಎರಡು ಸಂಖ್ಯೆಗಳ ನಡುವಿನ ಅಂತರ ಕಂಡ ಕಿಮುರ, ಈ ಬದಲಾವಣೆಗಳಲ್ಲಿ ಬಹುಪಾಲು ಆಯ್ಕೆಯ ಕಣ್ಣಿಗೇ ಬೀಳದ ತಟಸ್ಥ ಬದಲಾವಣೆಗಳು ಎಂದರು. ಅಲ್ಲಿಗೆ ಒಂದೇ ಜೆಲ್ಲನ್ನು ಎರಡು ಬಣ ಎರಡು ರೀತಿಯಲ್ಲಿ ಓದತೊಡಗಿದವು.

ಯಾರು ಸರಿ ಎಂದು ಜೆಲ್ಲೇ ಹೇಳಬಹುದೇ? ತಟಸ್ಥ ಸಿದ್ಧಾಂತದ ಪ್ರಕಾರ ವಿಷಮಯುಗ್ಮಜತೆಯನ್ನು ನಿರ್ಧರಿಸುವುದು ಒಂದೇ ಗುಣಲಬ್ಧ: ಸಮೂಹದ ಪರಿಣಾಮಕಾರಿ ಗಾತ್ರ (ಸಂತಾನಕ್ಕೆ ಜೀನ್ ದಾಟಿಸುವವುಗಳ ಲೆಕ್ಕ), ಉತ್ಪರಿವರ್ತನೆಯ ದರ, ಇವೆರಡರ ಗುಣಲಬ್ಧವನ್ನು 4ರಿಂದ ಗುಣಿಸಿದ್ದು. ಅದನ್ನು ಥೀಟಾ ಎನ್ನೋಣ. ವಿಷಮಯುಗ್ಮಜತೆ ಎಂದರೆ ಥೀಟಾವನ್ನು (ಥೀಟಾ + 1)ರಿಂದ ಭಾಗಿಸಿದ್ದು. ನಮ್ಮ 12% ಬರಬೇಕಾದರೆ ಥೀಟಾ 0.136 ಆಗಬೇಕು. ಉತ್ಪರಿವರ್ತನೆ ದರ ಹತ್ತು ಲಕ್ಷಕ್ಕೆ 1 ಎಂದಿಟ್ಟರೆ ನೊಣಗಳ ಪರಿಣಾಮಕಾರಿ ಸಂಖ್ಯೆ ಬರೀ 34,000. ಹತ್ತು ಲಕ್ಷ ನೊಣಗಳಿದ್ದರೆ ಥೀಟಾ 4, ವಿಷಮಯುಗ್ಮಜತೆ 80% ಬರಬೇಕಿತ್ತು. ಅಷ್ಟು ಎಲ್ಲೂ ಕಾಣುವುದಿಲ್ಲ. ಲೆವೊಂಟಿನ್ 1974ರ ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದ ಇಕ್ಕಟ್ಟು ಇದೇ: ಕೋಟ್ಯಂತರ ಸಂಖ್ಯೆಯ ನೊಣಗಳಿಗೂ ಸಾವಿರಗಟ್ಟಲೆ ಮಾತ್ರ ಇರುವ ದೊಡ್ಡ ಪ್ರಾಣಿಗಳಿಗೂ ವಿಷಮಯುಗ್ಮಜತೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಆಯ್ಕೆವಾದಕ್ಕೂ ಇದು ಒಗ್ಗದು, ತಟಸ್ಥವಾದಕ್ಕೂ ಒಗ್ಗದು. ತೀರಾ ಸಣ್ಣ ಹಾನಿಯ ಬದಲಾವಣೆಗಳು ಸಣ್ಣ ಸಮೂಹದಲ್ಲಿ ಉಳಿದು ದೊಡ್ಡ ಸಮೂಹದಲ್ಲಿ ಅಳಿಯುತ್ತವೆ ಎಂಬ ಟೊಮೊಕೊ ಓಹ್ತಾ ಅವರ 1973ರ ವಾದ ಅಂತರವನ್ನು ಸ್ವಲ್ಪ ತಗ್ಗಿಸುತ್ತದೆ. ಓಹ್ತಾ ಮತ್ತು ಲೆವೊಂಟಿನ್ ಇಬ್ಬರಿಗೂ 2015ರ ಕ್ರಾಫೋರ್ಡ್ ಪ್ರಶಸ್ತಿ ಒಟ್ಟಿಗೆ ಬಂತು. ಆದರೆ ಈ ಒಗಟು ಇಂದಿಗೂ ಪೂರ್ತಿ ಬಿಡಿಸಿಲ್ಲ. ಪಠ್ಯ ಬರೆಯುವವರು 1966ರ ಸಂಖ್ಯೆಗೇ ನಿಲ್ಲಿಸಿ ಈ ಭಾಗ ಬಿಡುವುದು ನನ್ನ ಮಟ್ಟಿಗೆ ಅನ್ಯಾಯ. ಕಥೆ ಶುರುವಾಗುವುದೇ ಇಲ್ಲಿಂದ.

ಇನ್ನು ನೀವೇ ಮಾದರಿ ತಂದು ಅಳೆದಾಗ ಎಡವುವ ಜಾಗ. 100 ನೊಣ ಹಿಡಿದಿರಿ. ನಿಧಾನ ಪಟ್ಟಿಯ ಸಮಯುಗ್ಮಜ 30, ವಿಷಮಯುಗ್ಮಜ 40, ವೇಗ ಪಟ್ಟಿಯ ಸಮಯುಗ್ಮಜ 30. ಎರಡೂ ಆಲೀಲ್‌ಗಳ ಪ್ರಮಾಣ 0.5. ಹಾರ್ಡಿ–ವೈನ್‌ಬರ್ಗ್ ನಿಯಮದ ಪ್ರಕಾರ (ಒಂದೇ ಸಮೂಹದಲ್ಲಿ ಆಯ್ಕೆಯಿಲ್ಲದೆ ಯಾದೃಚ್ಛಿಕವಾಗಿ ಕೂಡಿದರೆ) 25, 50, 25 ಬರಬೇಕಿತ್ತು. ಎಣಿಕೆಗೂ ನಿರೀಕ್ಷೆಗೂ ಇರುವ ಅಂತರ ಅಳೆಯುವ ಕೈ-ವರ್ಗ 1 + 2 + 1 = 4. ಆಲೀಲ್ ಪ್ರಮಾಣವನ್ನು ಇದೇ ದತ್ತಾಂಶದಿಂದ ತೆಗೆದದ್ದರಿಂದ ಸ್ವಾತಂತ್ರ್ಯದ ಮಟ್ಟ 1 ಮಾತ್ರ, 2 ಅಲ್ಲ (ಬಹಳ ಜನ ತಪ್ಪುವುದು ಇಲ್ಲೇ), ಆಕಸ್ಮಿಕ ಎಂದು ಬಿಡಬಹುದಾದ ಮಿತಿ 3.84. ದಾಟಿತು. ಈಗ "ವಿಷಮಯುಗ್ಮಜಗಳ ವಿರುದ್ಧ ಆಯ್ಕೆ ನಡೆದಿದೆ" ಎಂದು ಬರೆಯುವ ಆಸೆ ಹುಟ್ಟುತ್ತದೆ.

ಬರೆಯಬೇಡಿ. 50 ನೊಣ ಒಂದು ತೋಟದ್ದು, 50 ಇನ್ನೊಂದು ತೋಟದ್ದು. ಮೊದಲನೆಯದರಲ್ಲಿ ನಿಧಾನ ಆಲೀಲ್ 0.72, ಎರಡನೆಯದರಲ್ಲಿ 0.28 ಎಂದಿಟ್ಟುಕೊಳ್ಳಿ. ಪ್ರತಿ ತೋಟದಲ್ಲೂ ಹಾರ್ಡಿ–ವೈನ್‌ಬರ್ಗ್ ಚೆನ್ನಾಗಿಯೇ ನಡೆದಿದ್ದರೆ ವಿಷಮಯುಗ್ಮಜಗಳು 2 × 0.72 × 0.28, ಅಂದರೆ 40%. ನಿಮಗೆ ಸಿಕ್ಕಿದ್ದು ಅಷ್ಟೇ! ಎರಡು ಸಮೂಹಗಳನ್ನು ಒಂದೇ ಬಾಟಲಿಗೆ ಸುರಿದದ್ದರಿಂದ ಹುಟ್ಟಿದ ಈ ಕೊರತೆಗೆ ವಾಲುಂಡ್ ಪರಿಣಾಮ ಎನ್ನುತ್ತಾರೆ. ಒಳಸಂತಾನವೂ (ಹತ್ತಿರದ ಬಂಧುಗಳ ನಡುವಿನ ಕೂಡಿಕೆ) ಇದೇ ಕೊರತೆ ತೋರಿಸುತ್ತದೆ, ಬಣ್ಣ ಹಿಡಿಯದ ಶೂನ್ಯ ಆಲೀಲ್ ಕೂಡ. ಬೇರ್ಪಡಿಸುವುದು ಹೇಗೆ? ಬೇರೆ ನೆಲೆಗಳನ್ನು ನೋಡಿ. ಒಳಸಂತಾನ ಎಲ್ಲ ನೆಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕೊರತೆ ತರುತ್ತದೆ. ವಾಲುಂಡ್ ಪರಿಣಾಮ ಎರಡು ತೋಟಗಳ ನಡುವೆ ಪ್ರಮಾಣ ಬೇರೆಯಿರುವ ನೆಲೆಗಳಲ್ಲಿ ಮಾತ್ರ ಕಾಣುತ್ತದೆ. ಶೂನ್ಯ ಆಲೀಲ್ ಒಂದೇ ನೆಲೆಯ ಕಾಯಿಲೆ, ಆಗಾಗ ಪಟ್ಟಿಯೇ ಇಲ್ಲದ ನೊಣವೂ ಸಿಗುತ್ತದೆ. ಇನ್ನೂ ದೊಡ್ಡ ಗುಂಡಿ ಎಂದರೆ ನೋಡಲು ಒಂದೇ ರೀತಿ ಇರುವ ಸೋದರ ಪ್ರಭೇದಗಳು. ಕೆಲವು ನೆಲೆಗಳಲ್ಲಿ ಎರಡೂ ಬಗೆಯ ಸಮಯುಗ್ಮಜ ಇದ್ದೂ ಒಂದೂ ವಿಷಮಯುಗ್ಮಜ ಸಿಗದಿದ್ದರೆ ಗಂಡುನೊಣಗಳ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೊಮ್ಮೆ ನೋಡಿ.

ಮಾದರಿ ಹಿಡಿಯುವಾಗ ಒಂದೇ ಕೊಳೆತ ಬಾಳೆಹಣ್ಣಿನಿಂದ ಎದ್ದ 40 ನೊಣ ಎಂದರೆ 40 ಸ್ವತಂತ್ರ ಮಾದರಿ ಅಲ್ಲ, ಅರ್ಧಕ್ಕರ್ಧ ಅಣ್ಣತಮ್ಮಂದಿರೇ ಇರಬಹುದು. ಬಲೆಗಳನ್ನು ದೂರದೂರ ಇಡಿ. ಕಾಡಿನಿಂದ ತಂದ ಒಂದೊಂದು ಹೆಣ್ಣನ್ನು ಒಂದೊಂದು ಸೀಸೆಯಲ್ಲಿಟ್ಟು ತಳಿ ಬೆಳೆಸಿದರೆ, ಎಣಿಕೆಗೆ ಒಂದು ಸೀಸೆಯಿಂದ ಒಂದೇ ನೊಣ. ತಲೆಮಾರು ಕಳೆದಂತೆ ಸೀಸೆಯೊಳಗೆ ವೈವಿಧ್ಯ ಕರಗುತ್ತದೆ, ಅದಕ್ಕೇ ತಡಮಾಡಬೇಡಿ. ಸರಾಸರಿ ವಿಷಮಯುಗ್ಮಜತೆಯ ಅಂದಾಜು ಬಿಗಿಯಾಗಬೇಕಾದರೆ ನೊಣ ಹೆಚ್ಚಿಸುವುದಕ್ಕಿಂತ ನೆಲೆ ಹೆಚ್ಚಿಸುವುದು ಲಾಭ.

ಲ್ಯೂಸೀನ್–ಐಸೊಲ್ಯೂಸೀನ್ ಮಾತಿಗೆ ಮರಳೋಣ. ಜೆಲ್ಲಿನಲ್ಲಿ ಒಂದೇ ಪಟ್ಟಿ ಎಂದರೆ ಒಂದೇ ಆಲೀಲ್ ಎಂದಲ್ಲ. 1976ರಲ್ಲಿ ರಾಮ ಸಿಂಗ್, ಲೆವೊಂಟಿನ್ ಮತ್ತು ಫೆಲ್ಟನ್ ಅದೇ ಸ್ಯೂಡೊಅಬ್ಸ್ಕ್ಯೂರದ ಕ್ಸಾಂಥೀನ್ ಡಿಹೈಡ್ರೊಜಿನೇಸನ್ನು 146 ತಳಿಗಳಲ್ಲಿ ಮತ್ತೆ ಓಡಿಸಿದರು. ಈ ಸಲ ಆಮ್ಲೀಯತೆ, ಜೆಲ್ಲಿನ ಸಾಂದ್ರತೆ, ಶಾಖ ತಾಳುವ ಶಕ್ತಿ ಎಲ್ಲವನ್ನೂ ಬದಲಿಸಿ ನೋಡಿದರು. 6 ಎಂದುಕೊಂಡಿದ್ದ ಆಲೀಲ್‌ಗಳು 37 ಆದವು. ಹತ್ತು ವರ್ಷದ ಹಿಂದೆ ತಮಗೆ ಹೆಸರು ತಂದ ವಿಧಾನ ಎಷ್ಟು ಕುರುಡು ಎಂದು ತಾವೇ ತೋರಿಸುವುದು ಸುಲಭದ ಮಾತಲ್ಲ.

ಇದರ ನಡುವೆ 1972ರಲ್ಲಿ ಅವರು ಮಾಡಿದ ಸಣ್ಣ ಲೆಕ್ಕ ಎಲ್ಲಕ್ಕಿಂತ ಹೆಚ್ಚು ಜನಕ್ಕೆ ತಲುಪಿತು. ಮನುಷ್ಯರ ರಕ್ತಗುಂಪು ಮತ್ತು ಪ್ರೊಟೀನುಗಳ 17 ಜೀನ್ ನೆಲೆ ತೆಗೆದುಕೊಂಡು ಒಟ್ಟು ವೈವಿಧ್ಯವನ್ನು ಪಾಲು ಮಾಡಿದರು: 85.4% ಒಂದೊಂದು ಜನಸಮುದಾಯದ ಒಳಗೇ, 8.3% ಒಂದೇ "ಜನಾಂಗ"ದ ಸಮುದಾಯಗಳ ನಡುವೆ, 6.3% ಜನಾಂಗಗಳ ನಡುವೆ. ಈ ಪಾಲು ಆಮೇಲಿನ ದೊಡ್ಡ ದತ್ತಾಂಶಗಳಲ್ಲೂ ಹೆಚ್ಚು ಬದಲಾಗಿಲ್ಲ. ಆದರೆ ಇದನ್ನು "ಜೀನ್ ನೋಡಿ ಯಾರು ಯಾವ ಪ್ರದೇಶದ ಮೂಲದವರು ಎಂದು ಹೇಳಲಾಗದು" ಎಂದು ಓದಿದರೆ ತಪ್ಪು. ಎ. ಡಬ್ಲ್ಯು. ಎಫ್. ಎಡ್ವರ್ಡ್ಸ್ 2003ರಲ್ಲಿ ತೋರಿಸಿದಂತೆ, ಒಂದೊಂದೇ ನೆಲೆಯಿಂದ ಹೇಳಲಾಗದ್ದನ್ನು ನೂರಾರು ನೆಲೆಗಳನ್ನು ಒಟ್ಟಿಗೆ ನೋಡಿ ಹೇಳಬಹುದು. ಎರಡೂ ಮಾತು ಒಟ್ಟಿಗೆ ನಿಜ.

ನೆಲೆಗಳನ್ನು ಒಟ್ಟಿಗೆ ನೋಡುವ ಗಣಿತಕ್ಕೂ ಅವರೇ ಹೆಸರು ಕೊಟ್ಟವರು: 1960ರಲ್ಲಿ ಕೆನ್-ಇಚಿ ಕೊಜಿಮ ಜೊತೆ ಬರೆದ ಪ್ರಬಂಧದಿಂದ ಬಂದ ಲಿಂಕೇಜ್ ಡಿಸೀಕ್ವಿಲಿಬ್ರಿಯಂ. ಎರಡು ನೆಲೆಗಳ ಆಲೀಲ್‌ಗಳು ಆಕಸ್ಮಿಕಕ್ಕಿಂತ ಹೆಚ್ಚಾಗಿ ಜೊತೆಗಿರುವುದು ಎಂದರ್ಥ. ಮರುಜೋಡಣೆಯಿಂದ (ಜೋಡಿ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಳ್ಳುವುದರಿಂದ) ಇದು ತಲೆಮಾರಿಗಿಷ್ಟು ಕರಗುತ್ತದೆ. ದರ 1% ಇದ್ದರೆ 69 ತಲೆಮಾರಿಗೆ ಅರ್ಧ. ಡ್ರೊಸಾಫಿಲದಲ್ಲಿ ಗಂಡಿನಲ್ಲಿ ಮರುಜೋಡಣೆಯೇ ನಡೆಯುವುದಿಲ್ಲ, ಹಾಗಾಗಿ ಹೆಣ್ಣಿನಲ್ಲಿ ಅಳೆದ ದರವನ್ನು ಅರ್ಧ ಮಾಡಿ. 69 ಅಲ್ಲ, ಸುಮಾರು 138. ಇದನ್ನು ಮರೆತು ಆಯ್ಕೆಯನ್ನು "ಕಂಡುಹಿಡಿದ" ಪ್ರಾಜೆಕ್ಟ್ ವರದಿಗಳು ಪರೀಕ್ಷಕರಿಗೆ ಹೊಸತಲ್ಲ.

1973ರಲ್ಲಿ ಲೆವೊಂಟಿನ್ ಹಾರ್ವರ್ಡ್‌ಗೆ ಹೋದರು. ಅವರ ಲ್ಯಾಬಿನಲ್ಲಿದ್ದ ಮಾರ್ಟಿನ್ ಕ್ರೈಟ್‌ಮನ್ 1983ರಲ್ಲಿ ಡ್ರೊಸಾಫಿಲ ಮೆಲನೊಗ್ಯಾಸ್ಟರ್‌ನ ಆಲ್ಕೊಹಾಲ್ ಡಿಹೈಡ್ರೊಜಿನೇಸ್ ಜೀನಿನ 11 ಪ್ರತಿಗಳನ್ನು ಒಂದೊಂದಾಗಿ ಕ್ಲೋನ್ ಮಾಡಿ ಡಿಎನ್ಎ ಅಕ್ಷರ ಅಕ್ಷರ ಓದಿದರು. 43 ಜಾಗಗಳಲ್ಲಿ ವ್ಯತ್ಯಾಸ ಸಿಕ್ಕಿತು. ಅದರಲ್ಲಿ ಅಮೈನೊ ಆಮ್ಲ ಬದಲಿಸುವುದು ಒಂದೇ ಒಂದು: ಜೆಲ್ಲಿನಲ್ಲಿ ವೇಗ–ನಿಧಾನ ಎಂದು ಎರಡು ಪಟ್ಟಿಯಾಗಿ ಕಾಣುತ್ತಿದ್ದ ಅದೇ ಹಳೆಯ ಬದಲಾವಣೆ. ಪ್ರೊಟೀನ್ ಬದಲಿಸುವ ಉಳಿದ ಉತ್ಪರಿವರ್ತನೆಗಳನ್ನು ಆಯ್ಕೆ ಆಗಲೇ ಗುಡಿಸಿಹಾಕಿತ್ತು. ಮುಲ್ಲರ್ ಹೇಳಿದ ಪೊರಕೆ ಇಲ್ಲಿ ಮತ್ತೆ ಕಾಣಿಸಿಕೊಂಡದ್ದು ತಮಾಷೆಯೇ.

ಪ್ರೊಟೀನ್ ಬದಲಿಸುವ ಅಕ್ಷರ, ಬದಲಿಸದ ಅಕ್ಷರ ಎಂಬ ಎರಡು ಸಾಲು ಸಿಕ್ಕಮೇಲೆ 1991ರಲ್ಲಿ ಜಾನ್ ಮ್ಯಾಕ್‌ಡೊನಾಲ್ಡ್ ಮತ್ತು ಕ್ರೈಟ್‌ಮನ್ ಒಂದು ಪುಟ್ಟ ಕೋಷ್ಟಕ ಮಾಡಿದರು. ಅದೇ ಜೀನ್, ಮೂರು ಪ್ರಭೇದ. ಪ್ರಭೇದಗಳ ನಡುವೆ ಸ್ಥಿರವಾದ ವ್ಯತ್ಯಾಸ: ಪ್ರೊಟೀನ್ ಬದಲಿಸುವವು 7, ಬದಲಿಸದವು 17. ಪ್ರಭೇದದ ಒಳಗಿನ ವೈವಿಧ್ಯ: 2 ಮತ್ತು 42. ಎಲ್ಲವೂ ತಟಸ್ಥವಾಗಿದ್ದರೆ ಎರಡು ಅನುಪಾತಗಳೂ ಹತ್ತಿರ ಇರಬೇಕಿತ್ತು. 17 × 2 ನ್ನು 7 × 42 ರಿಂದ ಭಾಗಿಸಿ 1ರಿಂದ ಕಳೆದರೆ 0.88, ಪ್ರೊಟೀನ್ ಬದಲಾವಣೆಗಳಲ್ಲಿ ಸುಮಾರು 88% ಹೊಂದಾಣಿಕೆಯ ಆಯ್ಕೆಯಿಂದ ನೆಲೆಗೊಂಡವು ಎಂಬ ಅಂದಾಜು. ನಾಲ್ಕು ಸಂಖ್ಯೆ, ಒಂದು ಗುಣಾಕಾರ. ಇದೂ ದಾರಿ ತಪ್ಪಬಹುದು: ಸ್ವಲ್ಪ ಹಾನಿಕರವಾದ ಅಪರೂಪದ ರೂಪಗಳು ಸಮೂಹದೊಳಗಿನ ಎಣಿಕೆಯನ್ನು ಉಬ್ಬಿಸಿದರೆ ಅಂದಾಜು ಕುಸಿಯುತ್ತದೆ, ಸಮೂಹದ ಗಾತ್ರ ಹಿಂದೆ ಏರಿಳಿದಿದ್ದರೆ ಎತ್ತ ಬೇಕಾದರೂ ವಾಲುತ್ತದೆ.

ನಿಮ್ಮ ದಾರಿಯ ಬಗ್ಗೆ. ಅಲೊಜೈಮ್ ಜೆಲ್ (ಮೇಲೆ ಹೇಳಿದ ಕಿಣ್ವದ ಜೆಲ್) ಕಲಿಯಲು ಈಗ ವರ್ಷ ಕಳೆಯಬೇಡಿ, ಅನುಕ್ರಮ ಓದಿಸುವುದು ಹಣ ಕೊಟ್ಟರೆ ಆಗುವ ಕೆಲಸ. ಆದರೆ ನೊಣ ಹಿಡಿಯುವುದು, ಗುರುತಿಸುವುದು, ಸಂಕರ ಮಾಡುವುದು ಕೊಂಡು ತರಲಾಗದ ವಿದ್ಯೆ. ಅದನ್ನು ಕಲಿಯಲು ಕರ್ನಾಟಕದಲ್ಲಿ ಒಳ್ಳೆಯ ಜಾಗಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸಾಫಿಲ ಸ್ಟಾಕ್ ಸೆಂಟರ್ ಇದೆ. 8 ವರ್ಣತಂತುಗಳ ನಸೂಟ, 6 ವರ್ಣತಂತುಗಳ ಆಲ್ಬೊಮಿಕಾನ್ಸ್ ಎಂಬೆರಡು ನೊಣಗಳನ್ನು ಬೆರೆಸಿ, ಫಲವತ್ತಾದ ಆ ಮಿಶ್ರತಳಿಗಳಿಂದ ಹೊಸ ವರ್ಣತಂತು ಜೋಡಣೆಯ ತಳಿಗಳು, ಅಂದರೆ ಸೈಟೊರೇಸ್‌ಗಳು ಲ್ಯಾಬಿನಲ್ಲೇ ನೆಲೆಗೊಂಡದ್ದನ್ನು ಎಚ್. ಎ. ರಂಗನಾಥ್, ಎನ್. ಬಿ. ರಾಮಚಂದ್ರ ಮತ್ತು ಸಂಗಡಿಗರು ತಲೆಮಾರುಗಟ್ಟಲೆ ಹಿಂಬಾಲಿಸಿದ್ದು ಅಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನೊಣಗಳ ಮೇಲೆ ನೂರಾರು ತಲೆಮಾರಿನ ಆಯ್ಕೆ ಪ್ರಯೋಗಗಳು ನಡೆದಿವೆ.

ಗಣಿತ ಎಷ್ಟು ಬೇಕು? ಸಂಭವನೀಯತೆ, ದ್ವಿಪದ ಹಂಚಿಕೆ, ವ್ಯತ್ಯಯದ ಲೆಕ್ಕ, ಒಂದಿಷ್ಟು ಕಲನಶಾಸ್ತ್ರ, ಆರ್ ಅಥವಾ ಪೈಥಾನ್. ಶುರುಮಾಡಲು ಇವತ್ತೇ ಒಂದು ಕೆಲಸ ಮಾಡಬಹುದು. 50 ನೊಣಗಳ ಸಮೂಹ, ಅಂದರೆ 100 ಜೀನ್ ಪ್ರತಿ; ಎರಡು ಆಲೀಲ್ ಸಮಸಮ; ಪ್ರತಿ ತಲೆಮಾರಿಗೂ ಹಿಂದಿನ ಪ್ರಮಾಣವನ್ನೇ ಬಳಸಿ 100 ಪ್ರತಿಗಳನ್ನು ಯಾದೃಚ್ಛಿಕವಾಗಿ ಎತ್ತಿ. ಆಯ್ಕೆ ಇಲ್ಲ, ಉತ್ಪರಿವರ್ತನೆ ಇಲ್ಲ. ವಿಷಮಯುಗ್ಮಜತೆ ತಲೆಮಾರಿಗೆ ನೂರಕ್ಕೆ ಒಂದರಂತೆ ಇಳಿದು 69ನೇ ತಲೆಮಾರಿನ ಹೊತ್ತಿಗೆ ಸರಾಸರಿ ಅರ್ಧವಾಗಬೇಕು. ಒಂದು ಸಲ ಓಡಿಸಿದರೆ ರೇಖೆ ಸಿದ್ಧಾಂತವನ್ನು ಕೇಳುವುದೇ ಇಲ್ಲ, ಬೇಕಾದ ಕಡೆ ಏರಿ ಇಳಿಯುತ್ತದೆ. 1,000 ಸಲ ಓಡಿಸಿ ಸರಾಸರಿ ತೆಗೆಯಿರಿ. ಆಮೇಲೆ ಆ ಸಾವಿರದಲ್ಲಿ ಒಂದೇ ಓಟವನ್ನು ಕಣ್ಣುಮುಚ್ಚಿ ಆರಿಸಿ, ಬರೀ ಆ ರೇಖೆ ನೋಡಿ ಆಯ್ಕೆ ಇತ್ತೋ ಇಲ್ಲವೋ ಹೇಳಬಲ್ಲಿರಾ ಎಂದು ಪಕ್ಕದ ಗೆಳೆಯರನ್ನು ಕೇಳಿ. ಕಾಡಿನಿಂದ ನಮಗೆ ಸಿಗುವುದು ಅಂಥ ಒಂದೇ ಓಟ.